ಆರು ಸಾವಿರದ ಎಂಟುನೂರರ ಆಸುಪಾಸು

ರಾತ್ರಿ ಒಂದೂವರೆ. ಬಾಷಾನಗರದ ಭಟ್ಟಿಗಳಲ್ಲಿ
ಕಾದ ಮರಳಿಗೆ ಅಕ್ಕಿ ಬೀಳುವ ಹೊತ್ತು.
ಚಟಪಟ ಚಟಪಟ ಮಂಡಕ್ಕಿ ಅರಳುತ್ತದೆ.
ನನ್ನ ರೇಡಿಯೋದಲ್ಲೂ ಅದೇ ಸದ್ದು,
ಯಾರೋ ಆಕಾಶವನ್ನು ಹುರಿಯುತ್ತಿದ್ದಾರೆ.

ರಿಪೇರಿ ಮಾಡಿ ಕೊಡುವಾಗ ದಾದಾಪೀರ್ ಅಂದಿದ್ದ:
"ಶಾರ್ಟ್‌ವೇವ್‌ನಾಗೆ ಈಗ ಏನೈತ್ರಿ ಅಕ್ಕೋರೆ,
ಬರೀ ಹೊಟ್ಟು."
ಇರಲಿ. ಮೊರ ಹಿಡಿದವಳಿಗೆ
ಹೊಟ್ಟಿನ ಭಯವಿಲ್ಲ.

ನಮ್ಮ ತಾರಸಿಯ ನೀರಿನ ಟ್ಯಾಂಕಿನಿಂದ
ರೇವಣ್ಣನವರ ಬಟ್ಟೆ ಒಣಹಾಕುವ ಕಂಬದವರೆಗೆ
ಹಳೇ ಮೋಟಾರು ಬಿಚ್ಚಿ ತೆಗೆದ ತಾಮ್ರದ ತಂತಿ.
ಅವರ ಸೊಸೆ ಗೊತ್ತಿಲ್ಲದೆ ಅದರ ಮೇಲೊಮ್ಮೆ
ದುಪ್ಪಟಿ ಹರವಿದ್ದಳು.
ಆ ರಾತ್ರಿ ಲೋಕವೆಲ್ಲ ಒದ್ದೆ, ಏನೂ ಕೇಳಲಿಲ್ಲ.

ಕರೆಂಟು ಹೋಗಬೇಕು.
ಬೀದಿದೀಪ, ಚಾರ್ಜರು, ಎದುರುಮನೆ ಟೀವಿ
ಎಲ್ಲ ಬಾಯಿ ಮುಚ್ಚಬೇಕು.
ಆಗ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ
ಮೊದಲೊಂದು ಗುಂಯ್,
ಆಮೇಲೆ ಮೂಗಿನಿಂದ ಊದಿದಂಥ ಮೂರು ಸ್ವರ,
ಆಮೇಲೆ ಅವಳು.

ಯಾವ ದೇಶವೋ, ಯಾವ ಭಾಷೆಯೋ.
ಐದೈದು ಸದ್ದಿನ ಗುಂಪು, ನಡುವೆ ಚೂರು ಮೌನ.
ಮೂರು ವರ್ಷದಿಂದ ಎಣಿಸಿದ್ದೇನೆ, ಇರುವುದು ಹತ್ತೇ ಸದ್ದು.
ಹನ್ನೊಂದನೆಯದು ಎಂದೂ ಬಂದಿಲ್ಲ.
ಹಾಗಾದರೆ ಅಂಕಿಗಳೇ ಇರಬೇಕು.
ಯಾವುದು ಏಳು ಯಾವುದು ಸೊನ್ನೆ, ನನಗೆ ತಿಳಿಯದು.

"ಗೂಢಚಾರರದ್ದು ಚಿಕ್ಕಮ್ಮ, ಕೇಸು ಬಿದ್ದೀತು"
ಎನ್ನುತ್ತಾನೆ ಅಕ್ಕನ ಮಗ ವಾಗೀಶ.
ಅವನಿಗೇನು ಹೇಳಲಿ.
ಹಳೇ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ನಾನೂ ಅಂಕಿ ಒಪ್ಪಿಸಿದವಳೇ.
ಅಲ್ಲಿ ಹೆಸರಿರಲಿಲ್ಲ. ಆಪರೇಟರ್ ಹದಿನೇಳು.
ಹತ್ತಿ ದಲಾಲರು ಬೊಂಬಾಯಿಗೆ ಟ್ರಂಕ್ ಹಾಕಿಸಿ
"ಅತ್ತೆಗೆ ಜ್ವರ ಇಳಿದಿಲ್ಲ, ಗಾಡಿ ಕಳಿಸಬೇಡಿ" ಎನ್ನುತ್ತಿದ್ದರು.
ಯಾರ ಅತ್ತೆ, ಎಂಥ ಜ್ವರ!
ಟವೆಲಿನಡಿ ಬೆರಳು ಹಿಸುಕಿ ದರ ಮಾತಾಡಿದ ಊರು ಇದು.
ಕೊಂಡಿ ಜೋಡಿಸಿದೆ, ಮೂರು ನಿಮಿಷಕ್ಕೆ ಕಿತ್ತೆ.
ಕೇಳಿಯೂ ಕೇಳದಂತಿರುವುದಕ್ಕೇ
ಸರ್ಕಾರ ನನಗೆ ಸಂಬಳ ಕೊಟ್ಟಿದ್ದು.

ಅದಕ್ಕೇ ಅವಳು ಏನು ಹೇಳುತ್ತಾಳೆ ಎಂಬುದು ಬೇಡ,
ಹೇಗೆ ಹೇಳುತ್ತಾಳೆ, ಅಷ್ಟು ಸಾಕು.
ನಾಲ್ಕರ ಬಳಿಕ ಕಳ್ಳ ಉಸಿರು.
ಐದನೆಯದನ್ನು ಮೆಲ್ಲಗೆ ಕೆಳಗಿಡುತ್ತಾಳೆ,
ಸೊಂಟದ ಕೊಡ ಇಳಿಸಿದ ಹಾಗೆ.
ಕಲಿತ ಗಂಟಲು.
ರೆಕಾರ್ಡ್ ಮಾಡಿಟ್ಟ ದನಿ, ಬರೀ ಮೆಷಿನ್ನು ಎಂದ ವಾಗೀಶ.
ಇದ್ದರೂ ಇದ್ದೀತು ಅಂದುಕೊಂಡಿದ್ದೆ

ಕಾರ್ತಿಕದ ಆ ಮಂಗಳವಾರದವರೆಗೆ.
ಗೇಟು ಬಿದ್ದಿತ್ತು, ಗೂಡ್ಸು ಸಾಗುತ್ತಲೇ ಇತ್ತು,
ರೇಡಿಯೋಕ್ಕೆ ಕಿವಿ ಒತ್ತಿ ಕೂತಿದ್ದೆ.
ಗುಂಪಿನ ನಡುವೆ ನಿಂತಳು.
ಕಾಗದ ಸರಿದ ಸದ್ದು.
ಕೆಮ್ಮಿದಳು. ಒಣ ಕೆಮ್ಮು, ನೈಟ್ ಡ್ಯೂಟಿಯದು,
ತಿರುಗುವ ಫ್ಯಾನಿನಡಿ ಹೆಡ್‌ಸೆಟ್ ತೊಟ್ಟು
ಬೆಳಗು ಮಾಡುವವರಿಗೆ ಬರುವಂಥದು.
ಹಿಂದೆಲ್ಲೋ ಒಂದು ಗಂಡುದನಿ ಗೊಣಗಿತು.
ಆಗ ಅವಳೊಂದು ಸದ್ದು ಮಾಡಿದಳು,
ಹನ್ನೊಂದನೆಯದು.
ಮತ್ತೆ ಮೊದಲ ಗುಂಪಿನಿಂದ ಶುರು.

ನನ್ನ ಕೈ ಕತ್ತಲಲ್ಲಿ ತಾನಾಗಿ
ಜ್ಯೇಷ್ಠಮಧುವಿನ ಡಬ್ಬಿ ತಡಕಿತು,
ಪಕ್ಕದ ಸೀಟಿನ ಮೆಹರುನ್ನೀಸಾ ಕೆಮ್ಮಿದಾಗ
ಒಂದು ಚೂರು ದಾಟಿಸುತ್ತಿದ್ದೆನಲ್ಲ, ಹಾಗೆ.
ಅಷ್ಟರಲ್ಲಿ ಕರೆಂಟು ಬಂತು.
ಬೀದಿದೀಪ ಅವಳ ಮೇಲೆ ಮರಳು ಸುರಿಯಿತು.

ಆ ಸದ್ದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ
ಕನ್ನಡದಲ್ಲೇ ಬರೆದಿಟ್ಟಿದ್ದೇನೆ.
ಅರ್ಥ ಯಾರನ್ನೂ ಕೇಳಿಲ್ಲ.
ಬೈಗುಳವೋ, ತಪ್ಪಾಯ್ತು ಅಂದದ್ದೋ.
ಲೋಟ ಕೈತಪ್ಪಿದಾಗ, ಮಾತ್ರೆ ಮರೆತಾಗ
ನಾನೂ ಈಗ ಅದನ್ನೇ ಅನ್ನುತ್ತೇನೆ.
ಎರಡಕ್ಕೂ ಹೊಂದುತ್ತದೆ.